ನನ್ನ ಮೊದಲ ಎಲೆಕ್ಟ್ರಿಕ್ ಗಿಟಾರ್: ಒಂದು ನಕ್ಷೆ, ಒಂದು ಸ್ಯಾಂಪಲ್

ಮೊದಲೇ ಹೇಳಿಬಿಡುತ್ತೇನೆ, ನಾನು ಬಡಗಿ ಅಲ್ಲ. ಹತ್ತು ವರ್ಷದಿಂದ ಗಿಟಾರ್ ನುಡಿಸುತ್ತೇನೆ, ಅದೂ ಸುಮಾರಾಗಿ. ಕಳೆದ ವರ್ಷ ಮೈಸೂರಿನ ನಮ್ಮ ಮನೆ ಹಿಂದಿನ ಶೀಟ್ ಕೆಳಗೆ ಕೂತು ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡಿದೆ. ಟೆಲಿಕಾಸ್ಟರ್ ಮಾದರಿ. ಲಿಯೋ ಫೆಂಡರ್ 1950ರ ಹೊತ್ತಿಗೆ ತಂದ ಆ ಮಾದರಿ ನೋಡೋಕೂ ಸರಳ, ಮಾಡೋಕೂ ಸರಳ. ಚಪ್ಪಟೆ ಹಲಗೆಯ ಬಾಡಿ, ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಕೂರಿಸುವ ನೆಕ್, ಅಂದರೆ ಬೆರಳಿಟ್ಟು ನುಡಿಸುವ ಉದ್ದನೆಯ ಹಿಡಿ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ತರಹದ್ದಾದರೆ ನೆಕ್ಕನ್ನು ನಾಲ್ಕೈದು ಡಿಗ್ರಿ ಹಿಂದಕ್ಕೆ ವಾಲಿಸಿ ಅಂಟಿಸಬೇಕು, ಮೊದಲ ಸಲಕ್ಕೆ ಆ ತಲೆನೋವು ಬೇಡ ಅನಿಸಿತು. ಬಾಡಿ ಮಾಡೋಕೆ ಹಲಸು, ವೀಣೆಗೆ ಆಗುವ ಮರ ಇದಕ್ಕೂ ಆಗುತ್ತೆ ಅಲ್ವಾ? ನೆಕ್ ಮಾತ್ರ ರೆಡಿಮೇಡ್ ತರಿಸಿದೆ, ಅದರ ಮೇಲೆ ಫ್ರೆಟ್ (ಲೋಹದ ಅಡ್ಡ ಪಟ್ಟಿ) ಕೂರಿಸುವ ಕೆಲಸ ಇನ್ನೊಂದು ಸಲಕ್ಕೆ ಅಂತ.

ನೆಟ್‌ನಲ್ಲಿ ನಕ್ಷೆ ಸಿಕ್ಕಿತು. ಮನೆ ಪ್ಲಾನ್‌ಗಳನ್ನು ದೊಡ್ಡ ಕಾಗದದಲ್ಲಿ ಪ್ರಿಂಟ್ ಹಾಕಿಕೊಡುವ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿದೆ, ಎಂಡಿಎಫ್ ಹಲಗೆ ಮೇಲೆ ಅಂಟಿಸಿದೆ, ಒಂದು ಭಾನುವಾರ ಪೂರ್ತಿ ಕೂತು ಟೆಂಪ್ಲೇಟ್, ಅಂದರೆ ಮರ ಕೊಯ್ಯೋಕೆ ಬೇಕಾದ ಅಚ್ಚು, ಕೊಯ್ದೆ. ಚೆನ್ನಾಗೇ ಬಂದಿತ್ತು. ಸಂಜೆ ಪಕ್ಕದ ರಸ್ತೆಯ ಹುಡುಗನ ಗಿಟಾರ್, ಅದೂ ಟೆಲಿಕಾಸ್ಟರ್ ಕಾಪಿಯೇ, ತಂದು ಮೇಲಿಟ್ಟು ನೋಡಿದರೆ ನನ್ನ ಟೆಂಪ್ಲೇಟ್ ಸುತ್ತಲೂ ಕುಗ್ಗಿದೆ. ಉದ್ದದಲ್ಲೇ 12 ಮಿ.ಮೀ. ಕಡಿಮೆ! ಕಾಗದಕ್ಕೆ ಹಿಡಿಸಲಿ ಅಂತ ಪ್ರಿಂಟ್ ಹಾಕಿದವರು 97 ಪರ್ಸೆಂಟಿಗೆ ಇಳಿಸಿದ್ದರು. ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಇಲ್ಲೊಂದು ತಮಾಷೆ ಇದೆ. ಫೆಂಡರ್‌ನ ಸ್ಕೇಲ್, ಅಂದರೆ ನಟ್‌ನಿಂದ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಬಾಡಿ ಮೇಲೆ ತಂತಿ ಹಿಡಿಯುವ ತಗಡು) ತಂತಿಯ ಲೆಕ್ಕದ ಉದ್ದ, 25.5 ಇಂಚು, 647.7 ಮಿ.ಮೀ. ಅದರ 97 ಪರ್ಸೆಂಟ್ ಎಂದರೆ 628 ಮಿ.ಮೀ. ಗಿಬ್ಸನ್ ಗಿಟಾರುಗಳ 24.75 ಇಂಚಿಗೂ ಹೆಚ್ಚುಕಮ್ಮಿ ಅಷ್ಟೇ! ಹಾಗಾಗಿ ಕಾಗದದ ಮೇಲೆ ಅಳೆದು "628, ಸರಿಯಾಗೇ ಇದೆಯಲ್ಲ, ಎಲ್ಲೋ ಓದಿದ ಅಂಕಿ" ಅಂದುಕೊಳ್ಳುವ ಅಪಾಯವೂ ಇತ್ತು. ಆ 628 ನಂಬಿ ನಟ್‌ನಿಂದ ಅಳೆದು ಬ್ರಿಡ್ಜ್ ಕೂರಿಸಿದ್ದರೆ ಅದು 19 ಮಿ.ಮೀ. ಮುಂದೆ ಬಂದು ಕೂತಿರುತ್ತಿತ್ತು, ಒಂದು ಸ್ವರವೂ ಸೇರುತ್ತಿರಲಿಲ್ಲ. ಈಗ ಪ್ರಿಂಟ್ ಕೈಗೆ ಬಂದ ಕೂಡಲೇ, ದುಡ್ಡು ಕೊಡುವ ಮೊದಲೇ, ಸ್ಟೀಲ್ ಸ್ಕೇಲ್ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಅಳೆಯುತ್ತೇನೆ.

ಸರಿ, ಹಾಗಾದರೆ ನಕ್ಷೆ ಯಾಕೆ, ಹುಡುಗನ ಗಿಟಾರನ್ನೇ ಕಾಗದದ ಮೇಲಿಟ್ಟು ಗೀಚಿಕೊಂಡರೆ ಆಯಿತಲ್ಲ ಅಂತ ಹೊರಟೆ. "ಅಣ್ಣ, ಏನೂ ಬಿಚ್ಚಲ್ಲ ಅಲ್ವಾ?" ಅಂತ ಅವನು ಎರಡು ಸಲ ಕೇಳಿದ. ಬಿಚ್ಚಿದೆ. ತಂತಿ, ನೆಕ್, ಹಿಂದಿನ ಪ್ಲೇಟ್, ಎಲ್ಲ. ಪಾಪ, ಅವನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದ. ಆದರೆ ಗೀಚಿದ ಗೆರೆ ಈ ಸಲ ದೊಡ್ಡದಾಯಿತು. ಪೆನ್ಸಿಲ್ ಸುಮಾರು 7 ಮಿ.ಮೀ. ದಪ್ಪ, ಸೀಸದ ಕಡ್ಡಿ ಅದರ ನಡುವೆ, ಹಾಗಾಗಿ ಗೆರೆ ಬಾಡಿಯಿಂದ ಮೂರೂವರೆ ಮಿ.ಮೀ. ಆಚೆ ಬೀಳುತ್ತೆ, ಎರಡೂ ಕಡೆ ಸೇರಿ ಏಳು. ಇದನ್ನು ಬಿಡಿಸಿ ಹೇಳಿದ್ದು ನಮ್ಮ ಬೀದಿಯ ಆಚಾರ್ರು, ಬಾಗಿಲು ಕಿಟಕಿ ಮಾಡುವವರು. ಪೆನ್ಸಿಲನ್ನು ಉದ್ದಕ್ಕೆ ಸೀಳಿ, ಚಪ್ಪಟೆ ಕಡೆಯನ್ನು ಮರಕ್ಕೆ ಒತ್ತಿಕೊಂಡು ಗೀಚಿ ತೋರಿಸಿದರು. ಗೆರೆ ಅಂಚಿಗೇ ಬಂತು.

ಆಮೇಲೆ ನಕ್ಷೆಯನ್ನೂ ಸರಿಯಾದ ಅಳತೆಗೆ ಮತ್ತೆ ಪ್ರಿಂಟ್ ಹಾಕಿಸಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಅವು ಒಂದಕ್ಕೊಂದು ಒಪ್ಪಲೇ ಇಲ್ಲ! ನಕ್ಷೆಯಲ್ಲಿ ಬಾಡಿ ದಪ್ಪ 44.5, ಹುಡುಗನದು 40. ನೆಕ್ ಕೂರುವ ಗುಳಿಯ ಅಗಲ ನಕ್ಷೆಯಲ್ಲಿ 55.6, ಅವನದರಲ್ಲಿ 56. ಯಾರ ಮಾತು ಕೇಳೋದು? ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ: ನಕ್ಷೆ, ಸ್ಯಾಂಪಲ್ (ಹುಡುಗನ ಗಿಟಾರ್), ನನ್ನ ಕೈಲಿರುವ ಸಾಮಾನು. ಮೂರನೆಯ ಕಾಲಂ ಹೊಳೆದದ್ದೂ ಆಚಾರ್ರಿಂದಲೇ. ನಕ್ಷೆ ನೋಡಿ ಬ್ರಿಡ್ಜ್‌ನ ಆರು ತಂತಿ ತೂತುಗಳನ್ನು ಅವರ ಡ್ರಿಲ್ ಸ್ಟ್ಯಾಂಡ್‌ನಲ್ಲಿ ಹೊಡೆಸೋಣ ಅಂತ ಹೋಗಿದ್ದೆ.

"ಎಲ್ಲಿ ಸಾರ್ ಆ ತಗಡು?"

"ಇನ್ನೂ ಬಂದಿಲ್ಲ, ಕೊರಿಯರ್‌ನಲ್ಲಿದೆ."

"ಬೀಗ ತರ್ದೆ ಬಾಗ್ಲಿಗೆ ತೂತು ಹೊಡೀರಿ ಅಂತೀರಲ್ಲ, ಬರ್ಲಿ ತಡೀರಿ."

ಒಂದು ವಾರ ಸುಮ್ನೆ ಕೂತೆ. ಬ್ರಿಡ್ಜ್ ಬಂದ ಮೇಲೆ ವರ್ನಿಯರ್ ಹಿಡಿದು ಅಳೆದರೆ ಮೊದಲ ತಂತಿಯಿಂದ ಆರನೆಯದಕ್ಕೆ 52.5 ಮಿ.ಮೀ. ನಕ್ಷೆಯಲ್ಲಿದ್ದದ್ದು 54. ಹಳೇ ಅಮೆರಿಕನ್ ಬ್ರಿಡ್ಜ್ ನೋಡಿ ಬರೆದ ನಕ್ಷೆ ಅದು, ನನಗೆ ಬಂದದ್ದು ಮೆಟ್ರಿಕ್ ಅಳತೆಯದು. ಒಂದೂವರೆ ಮಿ.ಮೀ. ತಾನೆ ಅನ್ನಬೇಡಿ, ತೂತು ಹೊಡೆದಿದ್ದರೆ ತಗಡಿನ ತೂತಿಗೂ ಮರದ ತೂತಿಗೂ ಕೂಡುತ್ತಿರಲಿಲ್ಲ.

ನೆಕ್ ಗುಳಿಗೂ ಅದೇ ದಾರಿ. ನನ್ನ ನೆಕ್‌ನ ಬುಡ 56.2 ಬಂತು, ನಕ್ಷೆಗೂ ಸೇರಲಿಲ್ಲ, ಸ್ಯಾಂಪಲ್ಲಿಗೂ ಇಲ್ಲ. ಅದನ್ನೇ ಎಂಡಿಎಫ್ ಮೇಲಿಟ್ಟು ಸುತ್ತ ಬ್ಲೇಡಿನಿಂದ ಗೀರಿ ಟೆಂಪ್ಲೇಟ್ ಮಾಡಿದೆ. ಗುಳಿಯ ಆಳ ಮಾತ್ರ ನಕ್ಷೆಯದ್ದೇ, 15.9. ಬುಡದ ದಪ್ಪ 25.4 ಇರುವುದರಿಂದ ಫ್ರೆಟ್‌ಬೋರ್ಡ್ ಬಾಡಿಯಿಂದ ಒಂಬತ್ತೂವರೆ ಮಿ.ಮೀ. ಮೇಲೇಳುತ್ತೆ, ಈ ತಗ್ಗು ಬ್ರಿಡ್ಜಿಗೆ ಅಷ್ಟು ಸಾಕು. ಬೇರೆ ಜಾತಿಯ ಎತ್ತರದ ಬ್ರಿಡ್ಜ್ ಹಾಕುವವರು ಈ ಆಳವನ್ನು ಹಾಗೇ ನಕಲು ಮಾಡಬೇಡಿ.

ಸ್ಯಾಂಪಲ್ ನನ್ನನ್ನು ಕೆಡವಿದ್ದು ಒಂದೇ ಕಡೆ. ಸ್ವಿಚ್ ಕೂರುವ ಗುಂಡಿ ಅವನ ಗಿಟಾರಿನಲ್ಲಿ 32 ಆಳ ಇತ್ತು, ನಾನೂ 32 ತೋಡಿದೆ. ಅವನದು ಪ್ಲಾಸ್ಟಿಕ್ ಡಬ್ಬಿಯೊಳಗಿನ ಗಿಡ್ಡ ಸ್ವಿಚ್, ನನ್ನದು ಉದ್ದದ್ದು, ಬುಡ ಗುಂಡಿಯ ತಳಕ್ಕೆ ಹೋಗಿ ತಾಗಿತು. ಬಣ್ಣ ಆಗಿದ್ದ ಬಾಡಿಗೆ ಮತ್ತೆ ಮರ ತೋಡುವ ರೂಟರ್ ಇಡುವಾಗ ಕೈ ನಡುಗಿದ್ದು ಸುಳ್ಳಲ್ಲ. 38ಕ್ಕೆ ಇಳಿಸಿದೆ, ಕೆಳಗೆ ಆರು ಮಿ.ಮೀ. ಮರ ಉಳಿದಿದೆ. ಮೂರನೆಯ ಕಾಲಂನಲ್ಲಿ ಆ ಒಂದು ಸಾಲು ಖಾಲಿ ಬಿಟ್ಟಿದ್ದೆ, ಅಷ್ಟೇ ಕಾರಣ.

ಬ್ರಿಡ್ಜ್ ಜಾಗಕ್ಕೆ ನಕ್ಷೆಯನ್ನು ಮತ್ತೆ ನೋಡಲೇ ಇಲ್ಲ. ನೆಕ್ ಬಿಗಿದು, ನಟ್‌ನಿಂದ 12ನೇ ಫ್ರೆಟ್‌ಗೆ ಅಳೆದೆ: 324ಕ್ಕೆ ಒಂದು ಕೂದಲು ಕಡಿಮೆ. ಅದರ ಎರಡರಷ್ಟೇ ಸ್ಕೇಲ್. ನಟ್‌ನ ಎರಡೂ ತುದಿಯಿಂದ ಬ್ರಿಡ್ಜಿಗೆ ಹೊಲಿಗೆ ದಾರ ಎಳೆದು, ದಾರ ನೆಕ್‌ನ ಎರಡೂ ಅಂಚಿನಿಂದ ಒಂದೇ ದೂರದಲ್ಲಿ ಹೋಗುತ್ತಾ ನೋಡಿಕೊಂಡು, ಬ್ರಿಡ್ಜನ್ನು ಕೂದಲೆಳೆ ಕೂದಲೆಳೆ ಸರಿಸಿದೆ. ತೆಳು ತಂತಿಯ ಸ್ಯಾಡಲ್ಲನ್ನು (ಬ್ರಿಡ್ಜ್ ಮೇಲೆ ತಂತಿ ಕೂರುವ, ಸರಿಸಬಹುದಾದ ಪುಟ್ಟ ತುಂಡು) ಮುಂದಕ್ಕೆ ತಂದು ಸರಿಯಾಗಿ 647.7ರ ಮೇಲೆ ನಿಲ್ಲಿಸಿ ಆಮೇಲೆ ಸ್ಕ್ರೂ ತೂತು ಹೊಡೆದೆ, ಯಾಕೆಂದರೆ ಶ್ರುತಿ ಕೂಡಿಸುವಾಗ ಸ್ಯಾಡಲ್‌ಗಳು ಹೋಗುವುದು ಹಿಂದಕ್ಕೇ, ದಪ್ಪ ತಂತಿಯದಂತೂ ಇನ್ನೂ ಜಾಸ್ತಿ. ನನ್ನದರಲ್ಲಿ ದಪ್ಪ ತಂತಿಯ ಸ್ಯಾಡಲ್ ತೆಳು ತಂತಿಯದಕ್ಕಿಂತ ನಾಲ್ಕು ಮಿ.ಮೀ. ಹಿಂದೆ ನಿಂತಿದೆ. ಸ್ಪ್ರಿಂಗ್ ಇನ್ನೂ ಪೂರ್ತಿ ಒತ್ತಿಲ್ಲ, ಒಂದೆರಡು ಸುತ್ತು ಬಾಕಿ ಇದೆ.

ಹುಡುಗನ ಗಿಟಾರನ್ನು ಹೊಸ ತಂತಿ ಹಾಕಿಯೇ ವಾಪಸ್ ಕೊಟ್ಟೆ. ಹಿಂದಿನ ಪ್ಲೇಟಿನ ಒಂದು ಸ್ಕ್ರೂ ಸಿಗಲಿಲ್ಲ, ನನ್ನದರಿಂದ ತೆಗೆದು ಹಾಕಿದೆ.