ಎರಡು ನೆಕ್‌ನ ಸ್ಟೀಲ್ ಗಿಟಾರ್: ಯಾವ ನೆಕ್‌ಗೆ ಯಾವ ಶ್ರುತಿ?

ಎರಡು ನೆಕ್ (ತಂತಿ ಕಟ್ಟಿದ ಉದ್ದನೆಯ ಪಟ್ಟಿ) ಇರುವ ಸ್ಟೀಲ್ ಗಿಟಾರ್ ಕೈಗೆ ಬಂದ ದಿನವೇ ಒಂದು ಪ್ರಶ್ನೆ ಏಳುತ್ತದೆ. ಎರಡನೇ ನೆಕ್‌ಗೆ ಏನು ಶ್ರುತಿ ಮಾಡಲಿ? ನಾನು ಮೊದಲ ಸಲ ಒಂದಕ್ಕೆ ಸಿ6, ಇನ್ನೊಂದಕ್ಕೆ ಎ6 ಕೂಡಿಸಿದ್ದೆ. ತೆರೆದ ತಂತಿಗಳಲ್ಲಿ ಕೇಳುವ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಹೆಸರೇ ಶ್ರುತಿಗೂ. ತಿಂಗಳು ಕಳೆದರೂ ಎರಡನೆಯದರ ಮೇಲೆ ಕೈ ಹೋಗಲೇ ಇಲ್ಲ. ಎರಡೂ ಒಂದೇ ಜಾತಿಯ ಕಾರ್ಡ್, ಸ್ವರಗಳ ಜೋಡಣೆ ಮಾತ್ರ ಬೇರೆ. ಮೊದಲನೆಯದರಲ್ಲಿ ಸಿಗದ್ದು ಎರಡನೆಯದರಲ್ಲೂ ಸಿಗುತ್ತಿರಲಿಲ್ಲ. ಆಯ್ಕೆಯನ್ನು ಅಲ್ಲಿಂದಲೇ ಶುರು ಮಾಡಬೇಕು: ಮೊದಲ ನೆಕ್‌ನಲ್ಲಿ ಏನು ಸಿಗುತ್ತಿಲ್ಲ?

ಈ ವಾದ್ಯದಲ್ಲಿ ತಂತಿಯನ್ನು ಬೆರಳಿಂದ ಒತ್ತುವುದಿಲ್ಲ, ಮೇಲೆ ಉಕ್ಕಿನ ಬಾರ್ ಜಾರಿಸುತ್ತೇವೆ. ಬಾರ್ ನೇರ. ಹಾಗಾಗಿ ತೆರೆದ ತಂತಿಗಳಲ್ಲಿ ಯಾವ ಕಾರ್ಡ್ ಇದೆಯೋ, ನೆಕ್ ಉದ್ದಕ್ಕೂ ಅದೇ ಜಾತಿಯ ಕಾರ್ಡ್ ಸಿಗುತ್ತದೆ. ಬಾರ್ ಓರೆ ಮಾಡಿ ಇನ್ನೂ ಕೆಲವನ್ನು ಹಿಡಿಯಬಹುದು, ಆದರೆ ಅದಕ್ಕೂ ಮಿತಿ ಇದೆ. ಹಾಡಿಂದ ಹಾಡಿಗೆ ಶ್ರುತಿ ಬದಲಿಸುತ್ತಾ ಕೂರುವುದು ಕಷ್ಟ ಅಲ್ವಾ? ಎರಡನೇ ನೆಕ್ ಇರುವುದೇ ಆ ಕಷ್ಟ ತಪ್ಪಿಸಲು.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನೀವು ನಿಜವಾಗಿ ನುಡಿಸುವ ಹತ್ತು ಹಾಡು ಬರೆಯಿರಿ, ಮುಂದೆಂದೋ ನುಡಿಸುವ ಆಸೆ ಇರುವವು ಬೇಡ. ಪ್ರತಿಯೊಂದರ ಮುಂದೆ ಯಾವ ಕಾರ್ಡ್ ಹತ್ತಿರ ಕೈ ತಡವರಿಸುತ್ತದೆ ಅಂತ ಗುರುತು ಹಾಕಿ. ಈ ಹಾಳೆಯೇ ಮುಂದಿನ ಎಲ್ಲಕ್ಕೂ ಆಧಾರ.

ಆಮೇಲೆ ಮುಖ್ಯ ನೆಕ್ ಯಾವುದು ಅಂತ ತೀರ್ಮಾನಿಸಿ. ಆರು ತಂತಿಯ ವಾದ್ಯವಾದರೆ ನನ್ನ ಸಲಹೆ ಸಿ6. ಸ್ಟೀಲ್ ಗಿಟಾರ್ ವಾದಕ ಜೆರ್ರಿ ಬರ್ಡ್ ಹೆಸರಿನ ಜೊತೆಗೇ ನೆನಪಾಗುವ ಶ್ರುತಿ ಇದು. ದಪ್ಪ ತಂತಿಯಿಂದ ಸಣ್ಣದಕ್ಕೆ ಸಿ, ಇ, ಜಿ, ಎ, ಸಿ, ಇ. ಕೆಳಗಿನ ಮೂರು ದಪ್ಪ ತಂತಿ ಮೀಟಿದರೆ ಸಿ ಮೇಜರ್. ಮೇಲಿನ ಮೂರು ಸಣ್ಣ ತಂತಿ ಮೀಟಿದರೆ ಎ ಮೈನರ್. ಅದೇ ಮೇಲಿನ ಮೂರನ್ನು ಮೂರನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ನೆಕ್ ಮೇಲಿನ ಗೆರೆ, ಒಂದೊಂದಕ್ಕೂ ಅರ್ಧ ಸ್ವರ) ಹಿಡಿದರೆ ಸಿ ಮೈನರ್. ಒಂದೇ ನೆಕ್‌ನಲ್ಲಿ ಮೇಜರ್, ಮೈನರ್ ಎರಡೂ ನೇರ ಬಾರ್‌ಗೆ ಸಿಗುತ್ತವೆ.

ಸಿಗದಿರುವುದು ಸೆವೆಂತ್ ಕಾರ್ಡ್, ಅಂದರೆ ಇ7, ಎ7 ಅಂತ ಬರೆಯುವಂಥದ್ದು. ಆ ಕಾರ್ಡ್‌ನ ಎಳೆತ ಹುಟ್ಟುವುದು ಆರು ಫ್ರೆಟ್ ದೂರದ ಎರಡು ಸ್ವರಗಳಿಂದ, ಅಂದರೆ ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವಷ್ಟು ದೂರ. ಸಿ, ಇ, ಜಿ, ಎ ಈ ನಾಲ್ಕರಲ್ಲಿ ಯಾವ ಎರಡನ್ನು ಜೋಡಿಸಿದರೂ ಆ ದೂರ ಬರುವುದಿಲ್ಲ. ನಿಮ್ಮ ಹಾಳೆಯಲ್ಲಿ ಸೆವೆಂತ್ ಕಾರ್ಡ್‌ಗಳ ಮುಂದೆ ಗುರುತು ಜಾಸ್ತಿ ಇದ್ದರೆ ಕಾರಣ ಇದೇ.

ಹಾಗಿದ್ದರೆ ಎರಡನೇ ನೆಕ್‌ಗೆ ಇ7 ಕೂಡಿಸಿ: ಬಿ, ಡಿ, ಇ, ಜಿ ಶಾರ್ಪ್, ಬಿ, ಇ. ಇಲ್ಲಿ ಡಿ ಮತ್ತು ಜಿ ಶಾರ್ಪ್ ನಡುವೆ ಆ ಆರು ಫ್ರೆಟ್ ದೂರ ಇದೆ. ಮೈನರ್ ಕಾರ್ಡ್ ಮಾತ್ರ ನೇರವಾಗಿ ಸಿಗದು, ಆದರೆ ಅದು ಪಕ್ಕದ ನೆಕ್‌ನಲ್ಲೇ ಇದೆಯಲ್ಲ! ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದಕ್ಕೇ ಈ ಜೋಡಿ ನನಗೆ ಇಷ್ಟ. ಎಂಟು ತಂತಿ ಇದ್ದರೆ ಇದೇ ಕುಟುಂಬದ ಇ13 ಇನ್ನೂ ತುಂಬಿದಂತೆ ಕೇಳುತ್ತದೆ. ಅಮೆರಿಕದ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಜೊತೆ ನುಡಿಸುತ್ತಿದ್ದ ಡಾನ್ ಹೆಲ್ಮ್ಸ್ ತಮ್ಮ ಎರಡು ನೆಕ್‌ನ ಗಿಬ್ಸನ್ ಗಿಟಾರ್‌ನಲ್ಲಿ ಬಳಸುತ್ತಿದ್ದದ್ದು ಇ13.

ಹವಾಯಿಯನ್ ಹಾಡುಗಳೇ ನಿಮ್ಮ ಪ್ರೀತಿಯಾದರೆ ಬಿ11 ನೋಡಿ: ಬಿ, ಡಿ ಶಾರ್ಪ್, ಎಫ್ ಶಾರ್ಪ್, ಎ, ಸಿ ಶಾರ್ಪ್, ಇ. ಮೇಲಿನ ನಾಲ್ಕು ತಂತಿಯಲ್ಲಿ ಎ6 ಅಡಗಿದೆ, ಕೆಳಗಿನ ಐದರಲ್ಲಿ ಬಿ9. ಬಾರ್ ಸುಮ್ನೆ ಜಾರಿಸಿದರೂ ಮನಸ್ಸು ತುಂಬುವ ನಾದ. ಆದರೆ ಇದನ್ನೇ ಮುಖ್ಯ ನೆಕ್ ಮಾಡಬೇಡಿ, ಸರಳ ಹಾಡಿಗೆ ಇದು ಭಾರ.

ಅಪರೂಪಕ್ಕೊಮ್ಮೆ ಸೆವೆಂತ್ ಬೇಕಾದರೆ ಒಂದು ನೆಕ್ ಅದಕ್ಕೇ ಮೀಸಲಿಡಬೇಕಿಲ್ಲ. ಸಿ6ನ ಕೆಳಗಿನ ಸಿ ತಂತಿಯನ್ನು ಸಿ ಶಾರ್ಪ್‌ಗೆ ಏರಿಸಿ. ಕೆಳಗಿನ ನಾಲ್ಕು ತಂತಿಯಲ್ಲಿ ಎ7 ಸಿಗುತ್ತದೆ.

ಗಮನಿಸಿದಿರಾ? ಸಿ6, ಇ7, ಬಿ11 ಮೂರರಲ್ಲೂ ಮೇಲಿನ ತಂತಿ ಇ. ಇದು ದೊಡ್ಡ ಅನುಕೂಲ. ತಂತಿಗಳನ್ನು ಎಣಿಸುವುದು ಸಣ್ಣದರಿಂದ, ಹಾಗಾಗಿ ಇದೇ ಮೊದಲ ತಂತಿ. ಅದರಲ್ಲಿ ನುಡಿಸುವ ರಾಗ ಎರಡೂ ನೆಕ್‌ನಲ್ಲಿ ಅದೇ ಫ್ರೆಟ್‌ಗಳಲ್ಲಿ ಇರುತ್ತದೆ. ಬದಲಾಗುವುದು ಅದರ ಕೆಳಗಿನ ಕಾರ್ಡ್ ಅಷ್ಟೇ. ಕಾರ್ಡ್ ಹುಡುಕುವುದೂ ಸುಲಭ: ಇ7ನಲ್ಲಿ ಯಾವುದೇ ಮೇಜರ್ ಕಾರ್ಡ್ ಸಿ6ಗಿಂತ ನಾಲ್ಕು ಫ್ರೆಟ್ ಹಿಂದೆ. ಜಿ ಕಾರ್ಡ್ ಸಿ6ನಲ್ಲಿ ಏಳನೇ ಫ್ರೆಟ್, ಇ7ನಲ್ಲಿ ಮೂರನೆಯದು.

ತಂತಿಯ ದಪ್ಪ ನೋಡದೆ ಶ್ರುತಿ ಬದಲಿಸಬೇಡಿ. ಸಿ6 ಸೆಟ್ ಹಾಕಿ ಅದನ್ನೇ ಇ7ಗೆ ಇಳಿಸಿದರೆ ನಾಲ್ಕನೇ ತಂತಿ ಜಿಯಿಂದ ಇಗೆ, ಅಂದರೆ ಮೂರು ಫ್ರೆಟ್‌ನಷ್ಟು ಸಡಿಲವಾಗುತ್ತದೆ. ಬಾರ್ ಇಟ್ಟ ಕೂಡಲೇ ಅದು ಗರಗರ ಅನ್ನುತ್ತದೆ. ಸಿ6ನ ಐದನೇ ತಂತಿಯೂ ಅದೇ ಇ ಸ್ವರ, ಆ ದಪ್ಪದ್ದನ್ನೇ ಇಲ್ಲಿ ನಾಲ್ಕನೆಯದಕ್ಕೆ ಹಾಕಿ. ಐದನೆಯದಕ್ಕೆ ಇನ್ನೂ ಸ್ವಲ್ಪ ದಪ್ಪ ಬೇಕು. ಮೊದಲನೆಯದು ಬದಲಾಗುವುದೇ ಇಲ್ಲ, ಉಳಿದವು ಅರ್ಧ ಸ್ವರ ಇಳಿಯುತ್ತವೆ ಅಷ್ಟೇ, ಅದೇ ತಂತಿ ಸಾಕು.

ಪೆಡಲ್ ಸ್ಟೀಲ್ (ಪೆಡಲ್ ಒತ್ತಿ ತಂತಿಯ ಸ್ವರ ಬದಲಿಸುವ ಸ್ಟೀಲ್ ಗಿಟಾರ್) ಇರುವವರಿಗೆ ಈ ತಲೆನೋವು ಕಡಿಮೆ. ಹತ್ತು ತಂತಿಯ ಎರಡು ನೆಕ್‌ನಲ್ಲಿ ದೂರದ್ದು ಇ9, ನುಡಿಸುವವರ ಹತ್ತಿರದ್ದು ಸಿ6 ಅನ್ನುವುದು ರೂಢಿಯಾಗಿಬಿಟ್ಟಿದೆ.

ನಮ್ಮ ಪೆಡಲ್ ಇಲ್ಲದ ವಾದ್ಯದಲ್ಲಿ ಮುಖ್ಯ ನೆಕ್ ಹತ್ತಿರ ಇದ್ದರೆ ಭುಜಕ್ಕೆ ಆರಾಮ. ಸ್ವಿಚ್‌ನಲ್ಲಿ ಎರಡೂ ನೆಕ್ ಒಟ್ಟಿಗೆ ಕೇಳುವ ಸ್ಥಾನ ಇದ್ದರೆ ಅಭ್ಯಾಸದ ಹೊತ್ತಿಗೆ ಅದನ್ನು ಬಿಡಿ, ನುಡಿಸದ ನೆಕ್‌ನ ತಂತಿಗಳೂ ಜೊತೆಗೆ ಮಿಡಿದು ಗದ್ದಲ ಮಾಡುತ್ತವೆ. ಹಾಳೆಯಲ್ಲಿ ಹೆಚ್ಚು ಗುರುತಿರುವ ಹಾಡೊಂದನ್ನು ಎರಡು ವಾರ ಹೊಸ ನೆಕ್‌ನಲ್ಲೇ ನುಡಿಸಿ. ಆಮೇಲೂ ಅದೇ ಜಾಗದಲ್ಲಿ ಕೈ ತಡವರಿಸಿದರೆ ಶ್ರುತಿ ಬದಲಿಸಿ ನೋಡಿ.