ತಪ್ಪು ಕೈಯದ್ದೋ, ಕಾಗದದ್ದೋ?

ಕಾರವಾರದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಅಂಗಡಿ ಇದೆ. ಬೆಳಿಗ್ಗೆ ಜನ, ಸಂಜೆ ಜನ. ಮಧ್ಯಾಹ್ನ ಎರಡರಿಂದ ಐದರವರೆಗೆ ನೊಣ ಹೊಡೆಯುವ ಹೊತ್ತು. ನಾನು ಚಿತ್ರ ಬಿಡಿಸಲು ಕಲಿತದ್ದು ಆ ಮೂರು ಗಂಟೆಯಲ್ಲೇ. ಶುರು ಮಾಡಿದಾಗ ವಯಸ್ಸು ನಲವತ್ತೆರಡು. ಈಗ ಆರು ವರ್ಷವಾಯಿತು. ಕಲಾವಿದ ಅಂತ ಹೇಳಿಕೊಳ್ಳುವ ಧೈರ್ಯ ಇನ್ನೂ ಬಂದಿಲ್ಲ. ಆದರೆ ಎಲ್ಲೆಲ್ಲಿ ಎಡವಿದೆ ಅನ್ನುವುದು ಚೆನ್ನಾಗಿ ನೆನಪಿದೆ. ಹೊಸದಾಗಿ ಕುಂಚ ಹಿಡಿಯುವವರಿಗೆ ಅದೇ ಜಾಸ್ತಿ ಉಪಯೋಗವಾದೀತು.

ಮೊದಲ ಮೂರು ವರ್ಷ ನಾನು ಮಾಡಿದ ದೊಡ್ಡ ಎಡವಟ್ಟು ಇದು: ಕಾಗದದ ತಪ್ಪನ್ನು ಕೈಯ ಮೇಲೆ ಹಾಕಿದೆ, ಕಣ್ಣಿನ ತಪ್ಪನ್ನು ಕುಂಚದ ಮೇಲೆ ಹಾಕಿದೆ.

ಮಗಳು ಬಿಟ್ಟುಹೋದ ಜಲವರ್ಣದ ಡಬ್ಬಿ, ಶಾಲೆಯ ಡ್ರಾಯಿಂಗ್ ಪುಸ್ತಕ, ಇಷ್ಟೇ ಬಂಡವಾಳ. ಮೊಬೈಲಿನಲ್ಲಿ ಯಾರೋ ಒಬ್ಬರು ಒಂದೇ ಉಸಿರಿಗೆ ಆಕಾಶ ಬಳಿದುಬಿಡುತ್ತಿದ್ದರು. ಮೇಲೆ ಗಾಢ ನೀಲಿ, ಕೆಳಗೆ ಬರುತ್ತ ಬರುತ್ತ ತಿಳಿ. ಎಲ್ಲೂ ಗೆರೆಯಿಲ್ಲ, ಕಲೆಯಿಲ್ಲ. ನಾನು ಅದನ್ನೇ ಮಾಡಿದರೆ ಕಾಗದ ಕರಿದ ಹಪ್ಪಳದ ಹಾಗೆ ಎದ್ದು ನಿಲ್ಲುತ್ತಿತ್ತು. ತಗ್ಗಿನಲ್ಲೆಲ್ಲ ಬಣ್ಣ ನಿಂತು ಹೊಂಡ. ಸರಿಮಾಡಲು ಇನ್ನೊಮ್ಮೆ ಉಜ್ಜಿದರೆ ಕಾಗದದ ಮೈ ಕಿತ್ತು ಉಂಡೆಯುಂಡೆಯಾಗಿ ಬರುತ್ತಿತ್ತು. ಒಂದು ವರ್ಷ ಹೀಗೇ ಹೋಯಿತು. ನನ್ನ ಕೈಯಲ್ಲೇ ಕಲೆ ಇಲ್ಲ ಅಂತ ತೀರ್ಮಾನವೂ ಆಯಿತು.

ಆಮೇಲೆ ಹುಬ್ಬಳ್ಳಿಯಿಂದ ಬಂದ ನೆಂಟರೊಬ್ಬರು ಒಂದು ಶೀಟ್ ಹತ್ತಿ ಕಾಗದ ತಂದುಕೊಟ್ಟರು. ನೂರಕ್ಕೆ ನೂರು ಹತ್ತಿ, 300 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಕ. ಹಳೆಯ ಡ್ರಾಯಿಂಗ್ ಪುಸ್ತಕದ ಹಾಳೆಗಿಂತ ಎರಡು ಪಟ್ಟಿಗೂ ಜಾಸ್ತಿ ದಪ್ಪ. ಅದೇ ಡಬ್ಬಿ, ಅದೇ ಕುಂಚ, ಅದೇ ಕೈ. ಆಕಾಶ ಬಂದೇ ಬಿಟ್ಟಿತು! ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ಒಂದು ವರ್ಷ ಸುಮ್ನೆ ನನ್ನನ್ನು ನಾನೇ ಬೈದುಕೊಂಡಿದ್ದೆನಲ್ಲ.

ಹಾಗಾಗಿ ದುಡ್ಡು ಕಡಿಮೆ ಇದ್ದರೆ ಬಣ್ಣದಲ್ಲಿ ಉಳಿಸಿ, ಕುಂಚ ಒಂದೇ ಸಾಕು ಅನ್ನಿ, ಕಾಗದದಲ್ಲಿ ಮಾತ್ರ ಜಿಪುಣತನ ಬೇಡ. ಇದು ಜಲವರ್ಣದ ಮಾತು. ಪೆನ್ಸಿಲ್ಲಿಗೆ ಯಾವ ರದ್ದಿಯೂ ನಡೆಯುತ್ತದೆ. ದೊಡ್ಡ ಶೀಟ್ 22 × 30 ಇಂಚು ಇರುತ್ತದೆ. ಎಂಟು ತುಂಡು ಮಾಡಿದರೆ ಒಂದೊಂದೂ ಹನ್ನೊಂದಕ್ಕೆ ಏಳೂವರೆ ಇಂಚು. ಎರಡೂ ಬದಿ ಬಳಸಿದರೆ ಹದಿನಾರು ಚಿತ್ರ. ಶೀಟಿನ ಬೆಲೆ ಒಂದೆರಡು ಕಿಲೋ ಬಂಗಡೆಯಷ್ಟು ಅಂತ ಲೆಕ್ಕ ಹಾಕಿದ ಮೇಲೆ ಹೆಂಡತಿಯೂ ಸುಮ್ಮನಾದಳು. ಕುಂಚ ದುಂಡನೆಯದು, ಎಂಟನೆಯ ನಂಬರಿನದು ತಗೊಳ್ಳಿ. ಒದ್ದೆ ಮಾಡಿ ಝಾಡಿಸಿದಾಗ ತುದಿ ಸೂಜಿಯ ಹಾಗೆ ಕೂಡಿಕೊಳ್ಳಬೇಕು. ಕೂಡದಿದ್ದರೆ ಅದನ್ನು ಗೋಂದು ಹಚ್ಚಲು ಇಟ್ಟುಕೊಳ್ಳಿ.

ಕಾಗದ ಸಿಕ್ಕಿತು, ಗೆದ್ದೆ ಅಂದುಕೊಂಡೆ. ಆಗ ಮಳೆಗಾಲ ಬಂತು.

ನಮ್ಮ ಕರಾವಳಿಯ ಜೂನ್, ಜುಲೈ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ಮೇ ತಿಂಗಳಲ್ಲಿ ತಂದಿಟ್ಟ ಐದು ಶೀಟಿನ ಮೇಲೆ ಜುಲೈಯಲ್ಲಿ ಬಣ್ಣ ಹಚ್ಚಿದೆ. ಅಲ್ಲಲ್ಲಿ ಬಣ್ಣ ಸಟ್ಟನೆ ಒಳಗೆ ಇಳಿಯಿತು, ಒತ್ತುಕಾಗದದ ಮೇಲೆ ಶಾಯಿ ಚೆಲ್ಲಿದ ಹಾಗೆ. ಮತ್ತೆ ಕೈಯನ್ನೇ ಬೈದೆ. ಆಮೇಲೆ ತಿಳಿಯಿತು, ಜಲವರ್ಣದ ಕಾಗದಕ್ಕೆ ಜೆಲಾಟಿನ್ ಥರದ ಅಂಟಿನ ಲೇಪ ಇರುತ್ತದಂತೆ. ಬಣ್ಣ ಸ್ವಲ್ಪ ಹೊತ್ತು ಮೇಲೆಯೇ ತೇಲುವುದು ಅದರಿಂದಲೇ. ತೇವದಲ್ಲಿ ಆ ಲೇಪ ಕೆಟ್ಟುಹೋಗುತ್ತದೆ. ಕೆಟ್ಟ ಮೇಲೆ ಮದ್ದು ಮಾಡುವುದು ಕಷ್ಟ.

ಮದ್ದು ಮೊದಲೇ ಮಾಡಬೇಕು, ಅದು ನನ್ನ ಅಂಗಡಿಯಲ್ಲೇ ಇತ್ತು. ಮಾತ್ರೆಯ ಡಬ್ಬಿಗಳಲ್ಲಿ ‘ತಿನ್ನಬೇಡಿ’ ಅಂತ ಬರೆದ ಪುಟ್ಟ ಪೊಟ್ಟಣ ಬರುತ್ತದೆ ನೋಡಿ, ಸಿಲಿಕಾ ಜೆಲ್. ಈಗ ಕಾಗದವನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನಾಲ್ಕೈದು ಪೊಟ್ಟಣ ಸೇರಿಸಿ, ಬಾಯಿ ಕಟ್ಟಿ ಸ್ಟೀಲ್ ಪೆಟ್ಟಿಗೆಯಲ್ಲಿ ಇಡುತ್ತೇನೆ. ಮಳೆಗಾಲದಲ್ಲಿ ಪೊಟ್ಟಣ ತಿಂಗಳಿಗೊಮ್ಮೆ ಬದಲು. ಬಣ್ಣದ ಡಬ್ಬಿಯನ್ನು ಒದ್ದೆ ಇದ್ದಾಗ ಮುಚ್ಚಬೇಡಿ, ಮೂರು ದಿನಕ್ಕೆ ಬೂಸ್ಟು ಹಿಡಿಯುತ್ತದೆ.

ಮಳೆಗಾಲದ ಇನ್ನೊಂದು ಕಾಟ ಹೂಕೋಸು. ಬಳಿದ ಬಣ್ಣ ಅರೆಬರೆ ಒಣಗಿರುವಾಗ ಅದರ ಮೇಲೆ ನೀರು ಜಾಸ್ತಿ ಇರುವ ಕುಂಚ ತಾಗಿಸಿದರೆ, ನೀರು ಬಣ್ಣವನ್ನು ದೂಡಿಕೊಂಡು ಹೋಗಿ ಅಂಚಿನಲ್ಲಿ ಹೂಕೋಸಿನ ಆಕಾರ ಬಿಡುತ್ತದೆ. ಮಾರ್ಚಿನಲ್ಲಿ ಐದು ನಿಮಿಷಕ್ಕೆ ಒಣಗುವುದು ಜುಲೈಯಲ್ಲಿ ಇಪ್ಪತ್ತು ನಿಮಿಷವಾದರೂ ಒಣಗುವುದಿಲ್ಲ. ಕಣ್ಣಿಗೆ ಒಣಗಿದಂತೆ ಕಾಣುತ್ತದೆ ಅಷ್ಟೆ. ಅದಕ್ಕೆ ಅಂಗೈ ಅಲ್ಲ, ಕೈಯ ಹಿಂಬದಿ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಎದ್ದು ಹೋಗಿ ಚಹಾ ಕುಡಿದು ಬನ್ನಿ.

ಇಲ್ಲಿಯವರೆಗೆ ಹೇಳಿದ್ದು ನನ್ನ ತಪ್ಪಲ್ಲದ ತಪ್ಪುಗಳು. ಇನ್ನು ನನ್ನವೇ ಆದವು.

ಅಂಗಡಿಗೆ ತಿಂಗಳಿಗೊಮ್ಮೆ ಬಿಪಿ ಮಾತ್ರೆಗೆ ಬರುವ ಅಜ್ಜ ಒಬ್ಬರಿದ್ದಾರೆ. ಬೈತಖೋಲದ ಕಡೆಯವರು, ಆಯುಷ್ಯವೆಲ್ಲ ಮೀನುಗಾರಿಕೆ. ಒಂದು ದಿನ ಕೌಂಟರಿನ ಮೇಲೆ ಒಣಗಲು ಇಟ್ಟಿದ್ದ ದೋಣಿಯ ಚಿತ್ರ ಅವರ ಕಣ್ಣಿಗೆ ಬಿತ್ತು. ಕನ್ನಡಕ ಏರಿಸಿ ನೋಡಿದರು.

“ಶೇಟ್ರೇ, ಇದು ಎಂತ?”

“ದೋಣಿ ಅಲ್ವಾ ಅಜ್ಜ.”

“ನೀರಿಗೆ ಹಾಕಿದ್ರೆ ಮುಳುಗ್ತದೆ.”

ಎರಡು ದಿನ ಬೇಜಾರಿತ್ತು. ಭಾನುವಾರ ಬೆಳಿಗ್ಗೆ ಕೋಡಿಬಾಗಕ್ಕೆ ಹೋಗಿ, ಕಾಳಿ ನದಿಯ ದಂಡೆಯಲ್ಲಿ ಎಳೆದಿಟ್ಟ ದೋಣಿಯೊಂದರ ಎದುರು ಕುಳಿತೆ. ನಾನು ಬಿಡಿಸಿದ್ದ ದೋಣಿಯ ಮೇಲಂಚು ನೇರ ಗೆರೆ, ಕೆಳಗೆ ಅರ್ಧ ಚಂದ್ರ. ಮಕ್ಕಳು ಕಾಗದದಲ್ಲಿ ಮಡಿಸುವ ದೋಣಿ. ನಿಜವಾದ ದೋಣಿಯಲ್ಲಿ ನೇರ ಗೆರೆ ಅನ್ನುವುದೇ ಇರಲಿಲ್ಲ. ಅಂಚು ಮಧ್ಯದಲ್ಲಿ ತಗ್ಗಿ, ಮೂತಿಯ ಕಡೆ ಏರುತ್ತದೆ. ಆಚೆ ಬದಿಯ ಅಂಚು ಈಚೆ ಬದಿಯದನ್ನು ದಾಟಿ ತಿರುಗುತ್ತದೆ. ಅಡ್ಡ ಮಲಗಿಸಿದ ಇಂಗ್ಲಿಷ್ ಎಂಟನ್ನು ಉದ್ದಕ್ಕೆ ಎಳೆದ ಹಾಗೆ. ಒಂದು ಸುತ್ತು ಸಣ್ಣ, ಒಂದು ಸುತ್ತು ದೊಡ್ಡ. ಆ ಎಂಟನ್ನು ಮೊದಲು ಹಗುರವಾಗಿ ಬರೆದುಕೊಂಡು, ಅದರ ಮೇಲೆ ದೋಣಿ ಕಟ್ಟಿದರೆ ನೀರಿನ ಮೇಲೆ ಕೂರುತ್ತದೆ. ಆ ಚಳಿಗಾಲದಲ್ಲಿ ಅರವತ್ತಕ್ಕೂ ಜಾಸ್ತಿ ದೋಣಿ ಬರೆದೆ, ಮಾತ್ರೆ ಪೆಟ್ಟಿಗೆಗಳ ಒಳಮೈ ಮೇಲೆ, 2ಬಿ ಪೆನ್ಸಿಲ್ಲಿನಲ್ಲಿ. ಅಜ್ಜ ಮತ್ತೆ ನೋಡಿ “ಇದು ತೇಲ್ತದೆ, ಆದ್ರೆ ಮೀನು ಹಿಡಿಯೂದಿಲ್ಲ” ಅಂದರು. ಅದರ ಅರ್ಥ ಇವತ್ತಿಗೂ ಪೂರ್ತಿ ಗೊತ್ತಾಗಿಲ್ಲ.

ನಾನು ದೋಣಿ ನೋಡದೆ ದೋಣಿ ಬರೆಯುತ್ತಿದ್ದೆ. ತಲೆಯಲ್ಲಿರುವ ದೋಣಿಯ ಗುರುತನ್ನು ಬರೆಯುತ್ತಿದ್ದೆ. ಕುಂಚ ಬದಲಿಸಿದರೆ, ಬಣ್ಣ ಬದಲಿಸಿದರೆ ಇದು ಸರಿಯಾಗುವುದಿಲ್ಲ. ನೋಡುವುದನ್ನೇ ಕಲಿಯಬೇಕು. ಅದಕ್ಕೆ ನನಗೆ ಸಿಕ್ಕ ಶಾಲೆ ಅಂಗಡಿಯ ಕಪಾಟು.

ಕೆಮ್ಮಿನ ಸಿರಪ್ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದೇನೆ, ನೆಲದ ಹತ್ತಿರದ ಹಲಗೆಯಿಂದ ತಲೆಯ ಮೇಲಿನ ಹಲಗೆಯವರೆಗೆ. ಎಲ್ಲ ಒಂದೇ ಅಳತೆಯ ಬಾಟಲಿ. ಸ್ಟೂಲಿನ ಮೇಲೆ ಕುಳಿತು ನೋಡಿದರೆ, ಕಣ್ಣಿನ ಮಟ್ಟದಲ್ಲಿರುವ ಮುಚ್ಚಳದ ಅಂಚು ಬರೀ ಒಂದು ಅಡ್ಡ ಗೆರೆ. ಅದರ ಕೆಳಗಿನ ಹಲಗೆಯಲ್ಲಿ ಅದು ತೆಳ್ಳಗಿನ ಅಂಡಾಕಾರ. ಇನ್ನೂ ಕೆಳಗೆ ಹೋದಂತೆ ಅಂಡಾಕಾರ ಅಗಲವಾಗುತ್ತ ದುಂಡಗಾಗುತ್ತದೆ. ಮೇಲಿನ ಹಲಗೆಯಲ್ಲಿ ಬಾಗು ತಿರುಗಾ ಮುರುಗಾ. ಹಾಗೇ ಒಂದೇ ಬಾಟಲಿಯಲ್ಲೂ, ಅದು ಕಣ್ಣಿಗಿಂತ ಕೆಳಗಿದ್ದರೆ, ಮುಚ್ಚಳಕ್ಕಿಂತ ತಳ ಜಾಸ್ತಿ ದುಂಡಗೆ. ನಾವೋ ಮೇಲೆ ದುಂಡು ಬರೆದು ತಳಕ್ಕೆ ನೇರ ಗೆರೆ ಎಳೆಯುತ್ತೇವೆ, ಟೇಬಲ್ ಸಪಾಟಾಗಿದೆ ಅಂತ ನಮಗೆ ಗೊತ್ತಿದೆಯಲ್ಲ! ಚೊಂಬು, ಲೋಟ, ಪಾತ್ರೆ ಎಲ್ಲಕ್ಕೂ ಇದೇ ನಿಯಮ. ಅಡುಗೆಮನೆಯ ಕಪಾಟಿನಲ್ಲೇ ನೋಡಬಹುದು.

ಇದನ್ನೇ ನಮ್ಮೂರಿನ ಟಾಗೋರ್ ಕಡಲತೀರಕ್ಕೆ ತಗೊಂಡು ಹೋದೆ. ಮರಳಿನ ಮೇಲೆ ನಿಂತು ನೋಡಿ. ಹತ್ತಿರ ನಿಂತವರಿರಲಿ, ದೂರದಲ್ಲಿ ನಿಂತವರಿರಲಿ, ನಿಮ್ಮಷ್ಟೇ ಎತ್ತರದವರೆಲ್ಲರ ಕಣ್ಣು ಸಮುದ್ರ ಆಕಾಶ ಕೂಡುವ ಗೆರೆಯ ಮೇಲೇ ಬರುತ್ತದೆ. ಹತ್ತಿರದವರ ಕಾಲು ಕೆಳಗೆ, ದೂರದವರ ಕಾಲು ಮೇಲೆ, ತಲೆ ಮಾತ್ರ ಒಂದೇ ಸಾಲು. ಕುಳಿತು ನೋಡಿದರೆ ಅದೇ ಗೆರೆ ನಿಂತವರೆಲ್ಲರ ಸೊಂಟದ ಹತ್ತಿರ ಹಾದುಹೋಗುತ್ತದೆ. ಇದನ್ನು ತಿಳಿಯುವ ಮೊದಲು ನನ್ನ ಚಿತ್ರದ ಜನರು ಕೆಲವರು ಹೊಂಡದಲ್ಲಿ, ಕೆಲವರು ಗಾಳಿಯಲ್ಲಿ ಇರುತ್ತಿದ್ದರು.

ಬಣ್ಣದ ವಿಷಯಕ್ಕೆ ಬರುವ ಮೊದಲು ಶಿರಸಿಗೆ ಹೋಗಬೇಕು. ಅದು ಹೆಂಡತಿಯ ತವರು. ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಕಲೆಯನ್ನು ಇಪ್ಪತ್ತು ವರ್ಷದಿಂದ ನೋಡುತ್ತ ಬಂದಿದ್ದೆ, ನೋಡಿರಲಿಲ್ಲ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ. ಅದು ಹಸಿ ಇರುವಾಗಲೇ ಕೆರೆದು ಕೆಳಗಿನ ಬಿಳಿ ಹೊರಗೆ ತರುತ್ತಾರೆ. ಇರುವುದು ಎರಡೇ, ಕೆಂಪು ಮತ್ತು ಬಿಳಿ. ಆದರೂ ದೇವರ ಆಭರಣ, ಕುದುರೆಯ ಬಾಲ ಎಲ್ಲ ಎದ್ದು ಕಾಣುತ್ತದೆ. ನನ್ನ ಡಬ್ಬಿಯಲ್ಲಿ ಹದಿನೆಂಟು ಬಣ್ಣ, ಚಿತ್ರ ಮಾತ್ರ ಮಂಕು.

ಊರಿಗೆ ಬಂದು ಎರಡು ತಿಂಗಳು ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಪುಗಂದು ಒಂದೇ ಬಣ್ಣ ಬಳಸಿದೆ, ನಮ್ಮ ಕೆಮ್ಮಣ್ಣಿಗೆ ಅದೇ ಹತ್ತಿರ. ಕಣ್ಣನ್ನು ಅರ್ಧ ಮುಚ್ಚಿ ಎದುರಿನದನ್ನು ನೋಡುವುದು. ಮೂರು ಪಾಲು ಮಾಡುವುದು: ತಿಳಿ, ಮಧ್ಯಮ, ಗಾಢ. ತಿಳಿಗೆ ಕಾಗದವನ್ನೇ ಬಿಡುವುದು. ಜಲವರ್ಣದಲ್ಲಿ ಬಿಳಿ ಹಚ್ಚುವುದಲ್ಲ, ಉಳಿಸುವುದು. ಹೊಸಬರ ಚಿತ್ರದಲ್ಲಿ ಗಾಢ ಇರುವುದೇ ಇಲ್ಲ. ಹೆದರಿಕೊಂಡು ಎಲ್ಲವನ್ನೂ ಮಧ್ಯಮದಲ್ಲೇ ಮುಗಿಸುತ್ತೇವೆ. ಅದರ ಮೇಲೆ ಜಲವರ್ಣ ಒಣಗಿದಾಗ ಇನ್ನೂ ತಿಳಿಯಾಗುತ್ತದೆ, ಗಂಜಿಯ ಹಾಗೆ. ಹಸಿ ಇರುವಾಗ ‘ಅಯ್ಯೋ ಜಾಸ್ತಿಯಾಯ್ತು’ ಅನಿಸುವಷ್ಟು ಹಚ್ಚಿದರೆ ಒಣಗಿದ ಮೇಲೆ ಸರಿಯಾಗುತ್ತದೆ. ಬಣ್ಣಕ್ಕೆ ನೀರು ಅಳೆದು ಹಾಕಲು ನಾನು ಸೂಜಿ ತೆಗೆದ 5 ಎಂಎಲ್ ಸಿರಿಂಜ್ ಬಳಸುತ್ತೇನೆ. ಕಸುಬಿನ ಚಟ.

ಬಣ್ಣದಲ್ಲಿ ಒಂದೇ ಮಾತು. ಸಮುದ್ರ ನೀಲಿ ಅಲ್ಲ. ಕಾರವಾರದಲ್ಲಿ ಹುಟ್ಟಿ ಬೆಳೆದವನು ನಾನು, ಆದರೂ ನಾಲ್ಕು ವರ್ಷ ನೀಲಿ ಸಮುದ್ರವನ್ನೇ ಬಳಿದೆ. ಆಷಾಢದಲ್ಲಿ ಕಾಳಿ ನದಿ ಮಣ್ಣು ತಂದು ಸುರಿದಾಗ ದಡದ ನೀರು ಚಹಾದ ಬಣ್ಣ. ಡಿಸೆಂಬರಿನಲ್ಲಿ ಬೂದು ಹಸಿರು. ಸಂಜೆ ಬಿಸಿಲಿಗೆ ಹಿತ್ತಾಳೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಬಹಳ ಒಳ್ಳೆಯ ಬೂದು ಸಿಗುತ್ತದೆ, ಮಳೆಗಾಲದ ಮೋಡಕ್ಕೆ ಅದೇ. ಡಬ್ಬಿಯ ಕಪ್ಪು ಮುಟ್ಟಬೇಡಿ. ಡಬ್ಬಿಯ ಹಸಿರನ್ನೂ ಹಾಗೇ ಹಚ್ಚಬೇಡಿ, ಅಡಿಕೆ ತೋಟ ಪ್ಲಾಸ್ಟಿಕ್ಕಿನದಾಗುತ್ತದೆ. ಚಿಟಿಕೆ ಕೆಂಪುಗಂದು ಸೇರಿಸಿ.

ವಯಸ್ಸಾಯಿತು ಅನ್ನುವವರಿಗೆ ನಾನು ತೋರಿಸುವುದು ನಮ್ಮ ಕಡಲತೀರದ ಹೆಸರನ್ನೇ. ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದದ್ದು ಇಪ್ಪತ್ತರ ಹರೆಯದಲ್ಲಿ, ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ. ಆಗ ಬರೆದದ್ದು ನಾಟಕ. ಚಿತ್ರಕ್ಕೆ ಗಟ್ಟಿಯಾಗಿ ಕೈ ಹಾಕಿದ್ದು ಅರವತ್ತು ದಾಟಿದ ಮೇಲೆ, ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಆಕಾರ ಮಾಡುತ್ತ ಮಾಡುತ್ತ. 1930ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶನ. ನಮ್ಮನ್ನು ಅವರಿಗೆ ಹೋಲಿಸುವುದು ದೊಡ್ಡ ಮಾತಾಯಿತು, ಗೊತ್ತು. ಕಾಟು ಹೊಡೆದ ಜಾಗದಿಂದಲೂ ಚಿತ್ರ ಶುರುವಾಗಬಹುದು ಅನ್ನುವಷ್ಟು ಸಾಕು ನನಗೆ.

ಈಗ ನನ್ನ ತಲೆನೋವು ಮಳೆ. ಮಳೆ ನಿಂತ ಮೇಲಿನ ಊರನ್ನು ಬರೆಯಬಲ್ಲೆ, ಸುರಿಯುವ ಮಳೆ ಬರುವುದಿಲ್ಲ. ಗೆರೆ ಎಳೆದರೆ ಬಾಚಣಿಗೆಯಾಗುತ್ತದೆ. ಹಸಿ ಬಣ್ಣದ ಮೇಲೆ ಉಪ್ಪು ಉದುರಿಸಿದರೆ ಹಿಮ ಬಿದ್ದಂತೆ ಕಾಣುತ್ತದೆ, ಕಾರವಾರದಲ್ಲಿ ಹಿಮ! ಹೋದ ಜೂನಿನಲ್ಲಿ ಸದಾಶಿವಗಡದ ಗುಡ್ಡ ಬಳಿದು ಕಿಟಕಿಯ ಪಕ್ಕ ಒಣಗಲು ಇಟ್ಟಿದ್ದೆ. ಗಿರಾಕಿಗೆ ಮಾತ್ರೆ ಕೊಟ್ಟು ಬರುವಷ್ಟರಲ್ಲಿ ಗಾಳಿ ತಿರುಗಿ ಎರಚಲು ಒಳಗೆ ಬಂದಿತ್ತು. ಗುಡ್ಡದ ತುದಿ ಕರಗಿ, ಆಕಾಶ ಓರೆಯಾಗಿ ಇಳಿದು, ನಿಜವಾದ ಮಳೆ ಬಂದುಬಿಟ್ಟಿತ್ತು. ಸ್ಪ್ರೇ ಬಾಟಲಿ ಹಿಡಿದು ಅದನ್ನೇ ಮತ್ತೆ ನಾಲ್ಕು ಸಲ ಮಾಡಲು ಹೋದೆ. ನಾಲ್ಕೂ ಹಾಳು. ಹನಿ ದಪ್ಪ ಜಾಸ್ತಿಯಾಯಿತೇನೋ. ಈ ಸಲ ಮೂಗಿಗೆ ಹೊಡೆಯುವ ಸ್ಪ್ರೇಯ ಖಾಲಿ ಬಾಟಲಿಯೊಂದನ್ನು ತೊಳೆದು ಇಟ್ಟುಕೊಂಡಿದ್ದೇನೆ.