ಬೋರ್ಡಿನಿಂದ ‘ಸಾಲ’ ಎಂಬ ಪದ ತೆಗೆಸಿದೆ

ದಾವಣಗೆರೆಯಲ್ಲಿ ಸಾಲದ ಸಲಹೆ ಕೊಡುವ ಆಫೀಸು ತೆರೆದಾಗ ಪ್ರಚಾರಕ್ಕೆಂದು ನನ್ನ ಕೈಲಿ ಉಳಿದಿದ್ದು 12,000 ರೂಪಾಯಿ. ಅದಕ್ಕೆ ಮೊದಲು ಒಂಬತ್ತು ವರ್ಷ ಮೈಕ್ರೋಫೈನಾನ್ಸ್ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸ ಮಾಡಿದ್ದೆ. ಕಂತು ಕಟ್ಟಲಾಗದೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತವರನ್ನು ಹೊರಗೆ ನಿಂತು ಕೂಗಿ ಕರೆದವಳು ನಾನು. ಆ ಕೆಲಸ ಬಿಟ್ಟಿದ್ದೂ ಅದಕ್ಕೇ.

ಮೊದಲ ತಿಂಗಳಲ್ಲೇ ಅರ್ಧ ದುಡ್ಡು ಖಾಲಿ. ‘ಸಾಲ ಸಲಹಾ ಕೇಂದ್ರ’ ಎಂದು ಫ್ಲೆಕ್ಸ್ ಬೋರ್ಡು, ದಿನಪತ್ರಿಕೆಯೊಳಗೆ ಇಟ್ಟು ಹಂಚಲು 2,000 ಕರಪತ್ರ. ಬಂದವರು ಐದು ಜನ. ನಾಲ್ವರು ಕೇಳಿದ್ದು, “ಎಷ್ಟರ ತನಕ ಸಾಲ ಕೊಡ್ತೀರಿ ಮೇಡಂ?” ಐದನೆಯವರು ಒಬ್ಬ ಟೈಲರ್. ಎದುರಿನ ಟೀ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು, ಗುರುತಿನವರು ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಮೆಟ್ಟಿಲು ಹತ್ತಿದ್ದರು. “ಆ ಬೋರ್ಡಿನ ಕೆಳಗೆ ಕಾಲಿಟ್ರೆ ಓಣಿಗೆಲ್ಲ ಗೊತ್ತಾಗ್ತದ್ರಿ” ಎಂದರು. ಮರುವಾರವೇ ‘ಲೆಕ್ಕಪತ್ರ, ಅರ್ಜಿ ಸಲಹೆ’ ಎಂದು ಬರೆಸಿದೆ.

ಆ ಟೈಲರ್ ತಂದಿದ್ದ ಕವರಿನಲ್ಲಿ ಬ್ಯಾಂಕಿನ ನೋಟಿಸಿನ ಎರಡು ಜೆರಾಕ್ಸ್ ಪ್ರತಿ ಇದ್ದವು. ಆಗ ನನಗೆ ದಾರಿ ಕಂಡಿತು. ನೋಟಿಸ್ ಬಂದವರು ಅಣ್ಣತಮ್ಮಂದಿರಿಗೂ ಹೇಳುವ ಮೊದಲು ಹೋಗುವುದು ಜೆರಾಕ್ಸ್ ಅಂಗಡಿಗೆ. 1,000 ಕಾರ್ಡು ಅಚ್ಚು ಹಾಕಿಸಿ ಕೋರ್ಟಿನ ಸುತ್ತಮುತ್ತಲ ಆರು ಅಂಗಡಿಗಳಲ್ಲಿ ಇಟ್ಟೆ. ಯಾರಿಗೂ ಕೈಗೆ ಕೊಡಬೇಡಿ, ಯಾರು ತಗೊಂಡರು ಅಂತ ನನಗೂ ಹೇಳಬೇಡಿ, ಮೆಷಿನ್ ಪಕ್ಕ ಇದ್ದರೆ ಸಾಕು ಎಂದಿದ್ದೆ.

ಕಾರ್ಡಿನ ಒಂದು ಬದಿ ನನ್ನ ಫೋನ್ ನಂಬರ್. ಇನ್ನೊಂದು ಬದಿಯಲ್ಲಿ ರಿಸರ್ವ್ ಬ್ಯಾಂಕಿನ 2022ರ ನಿಯಮ: ವಸೂಲಿಗೆಂದು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಮೈಕ್ರೋಫೈನಾನ್ಸ್ ಸಾಲವಾದರೆ 9ಕ್ಕೆ ಮೊದಲು, 6ರ ನಂತರ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಸಹಾಯವಾಣಿ 14448. ನನ್ನ ಹತ್ತಿರ ಬಾರದವರಿಗೂ ಇದು ಬೇಕಾದ ಮಾಹಿತಿ. ಹಾಗಾಗಿ ಕಾರ್ಡು ಎಸೆಯದೆ ಪರ್ಸಿನಲ್ಲಿಟ್ಟುಕೊಂಡರು.

ಸ್ತ್ರೀಶಕ್ತಿ ಸಂಘಗಳಿಗೆ ಹೋಗಲು ಬಸ್ ಚಾರ್ಜೂ ಬೇಕಾಗಲಿಲ್ಲ, ‘ಶಕ್ತಿ’ ಯೋಜನೆ ಇತ್ತು. ವಾರದ ಮೀಟಿಂಗಿನಲ್ಲಿ ಇಪ್ಪತ್ತು ನಿಮಿಷ ಕೇಳಿಕೊಂಡು ಒಂದೇ ಲೆಕ್ಕ ಮಾಡಿ ತೋರಿಸುತ್ತಿದ್ದೆ. ಒಂದು ಲಕ್ಷ ಸಾಲ, ವರ್ಷಕ್ಕೆ ಶೇ. 12 ಫ್ಲಾಟ್ ಬಡ್ಡಿ, 24 ತಿಂಗಳು. ಒಟ್ಟು ಬಡ್ಡಿ 24,000, ತಿಂಗಳ ಕಂತು 5,167 ರೂಪಾಯಿ. ಹನ್ನೆರಡನೇ ಕಂತಿಗೆ ಬಂದು ಚಾಕ್‌ಪೀಸ್ ನಿಲ್ಲಿಸಿ, “ಈಗ ಅಸಲು ಎಷ್ಟು ಉಳೀತು?” ಎಂದು ಕೇಳುತ್ತಿದ್ದೆ. ಒಂದು ಸಲ ಹಿಂದೆ ಕೂತಿದ್ದ ಹೆಂಗಸು ಬೆರಳು ಮಡಚುತ್ತಿದ್ದವರು ಅಲ್ಲೇ ನಿಲ್ಲಿಸಿ, “ಅಕ್ಕ, ಅರ್ಧ ತೀರ್ಸಿದ ಮೇಲೂ ಪೂರ್ತಿ ಲಕ್ಷಕ್ಕೇ ಬಡ್ಡಿ ಹಾಕ್ಯಾರಲ್ಲ!” ಎಂದರು. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದೇ ಬಡ್ಡಿ ಶೇ. 21 ದಾಟುತ್ತದೆ. ಮೀಟಿಂಗ್ ಮುಗಿದ ಮೇಲೆ ಯಾರಾದರೂ ಒಬ್ಬರು ಬಸ್‌ಸ್ಟಾಪಿನವರೆಗೂ ನನ್ನ ಜೊತೆ ನಡೆದು ಬರುತ್ತಿದ್ದರು. ನನ್ನ ಕೆಲಸ ಶುರುವಾಗುತ್ತಿದ್ದುದು ಆ ದಾರಿಯಲ್ಲಿ.

‘ಸಾಲ ಅರ್ಧಕ್ಕೆ ಇಳಿಸಿಕೊಡುತ್ತೇವೆ’ ಎಂದು ಹಾಕಿ, ಜನ ಮುಗಿಬೀಳ್ತಾರೆ ಅಂತ ಹಲವರು ಹೇಳಿದರು. ಹಾಕಲಿಲ್ಲ. ಹಾಗೆ ಕಡಿಮೆ ದುಡ್ಡಿಗೆ ಸಾಲ ಮುಗಿಸುವ ಸೆಟಲ್‌ಮೆಂಟ್ ಆದರೆ, ನಮ್ಮ ಹಳೆಯ ಸಾಲಗಳ ದಾಖಲೆಯಾದ ಕ್ರೆಡಿಟ್ ರಿಪೋರ್ಟಿನಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ. ಅದನ್ನು ಹೇಳದೆ ಕಂತು ನಿಲ್ಲಿಸಿ ಎನ್ನುವುದು ಮೋಸ. 2025ರಲ್ಲಿ ರಾಜ್ಯ ಸರ್ಕಾರ ಸಾಲ ವಸೂಲಿಯ ಕಿರುಕುಳ ತಡೆಯುವ ಕಾನೂನು ತಂದಾಗ, “ಇನ್ನು ಕಟ್ಟೋದು ಬೇಡಂತಲ್ಲ?” ಎಂದು ಕೇಳಿಕೊಂಡು ಬಂದವರಿಗೂ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳ ಸಾಲ ಅದರಿಂದ ಮನ್ನಾ ಆಗುವುದಿಲ್ಲ ಎಂದೇ ಹೇಳಿದೆ. ಕೆಲವರು ಎದ್ದು ಹೋದರು.

ಫೀಸನ್ನು ಗೋಡೆ ಮೇಲೆ ಬರೆಸಿದ್ದೇನೆ: ಮೊದಲ ಸಲ ಕೂತು ಲೆಕ್ಕ ನೋಡಲು 200 ರೂಪಾಯಿ, ಪತ್ರ ಬರೆದುಕೊಟ್ಟರೆ 150. ಮೊದಲು ‘ಉಚಿತ’ ಎಂದು ಇಟ್ಟಿದ್ದಾಗ ಇದರ ಹಿಂದೆ ಯಾವುದೋ ಕಂಪನಿ ಇರಬೇಕೆಂದು ಅನುಮಾನಪಟ್ಟಿದ್ದರು.

ಈಗ ಬರುವವರಲ್ಲಿ ಹೆಚ್ಚಿನವರು ಯಾರೋ ಹೇಳಿ ಕಳಿಸಿದವರು. ಯಾವ ಪ್ರಚಾರದಿಂದ ಎಷ್ಟು ಜನ ಬಂದರು ಎಂಬ ಲೆಕ್ಕ ನನ್ನಲ್ಲಿಲ್ಲ. “ನಿಮಗೆ ಯಾರು ಹೇಳಿದ್ದು?” ಎಂದು ನಾನು ಕೇಳುವುದಿಲ್ಲ. ಕೇಳಿದರೆ ಅವರು ಇನ್ನೊಬ್ಬರ ಸಾಲದ ವಿಷಯ ಬಾಯಿಬಿಡಬೇಕಾಗುತ್ತದೆ.